ಪೆಲೆಟ್ ಆರಿಸುವ ಕೆಲಸ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದಾಗಿ ಈಗ ನಮ್ಮಲ್ಲಿ ಬೇಟೆಯ ಮಾತೇ ಇಲ್ಲ. ಲೈಸೆನ್ಸ್ ಇಲ್ಲದೆ ಮನೆಯಲ್ಲಿ ತೋಟಾ ತಯಾರಿಸುವುದೂ ಅಪರಾಧ. ಗುಂಡಿನ ಗುಣ ಕೈಯಾರೆ ಪರೀಕ್ಷಿಸಿ ತಿಳಿಯಬೇಕೆಂಬ ನನ್ನ ಆಸೆ ಹೀಗಾಗಿ ಹತ್ತು ಮೀಟರ್ ದೂರದ ಗುರಿಗೆ ಹೊಡೆಯುವ ಏರ್ ರೈಫಲ್‌ನ ಪೆಲೆಟ್ (ಗಾಳಿಯ ಒತ್ತಡಕ್ಕೆ ಹಾರುವ ಪುಟ್ಟ ಗುಂಡು) ಡಬ್ಬಿಯ ಕಡೆ ಹೊರಳಿತು. ಬಳ್ಳಾರಿಯಲ್ಲಿ ಹೊಸದಾಗಿ ಕಲಿಯಲು ಬರುವ ಹುಡುಗರು ರೈಫಲ್ ಬಗ್ಗೆ ತಿಂಗಳುಗಟ್ಟಲೆ ವಿಚಾರಿಸುತ್ತಾರೆ, ಪೆಲೆಟ್ ಮಾತ್ರ ಅಂಗಡಿಯವರು ಕೊಟ್ಟದ್ದೇ ಸೈ. ಇದು ತಲೆಕೆಳಗಾದ ಲೆಕ್ಕ.

ಗುರಿಹಲಗೆಯಲ್ಲಿ ಹತ್ತರ ಚುಕ್ಕೆ ಬರೀ 0.5 ಮಿ.ಮೀ. ಪೆಲೆಟ್ 4.5 ಮಿ.ಮೀ. ದಪ್ಪ, ತೂಕ ಅರ್ಧ ಗ್ರಾಂ ಆಸುಪಾಸು. ಅಂಕವನ್ನು ದಶಾಂಶದಲ್ಲಿ ಎಣಿಸುವಾಗ ಒಂದೂವರೆ ಮಿಲಿಮೀಟರ್ ಜಾರಿದರೂ ಅತಿ ಹೆಚ್ಚಿನ ಅಂಕವಾದ 10.9 ಬರಬೇಕಾದಲ್ಲಿ 10.3ರ ಹತ್ತಿರ ಬಂದು ನಿಲ್ಲುತ್ತದೆ. ಕೈ ಅಲುಗದಿದ್ದರೂ ಪೆಲೆಟ್ ಕೈಕೊಟ್ಟರೆ ಇಷ್ಟು ಹೋಗುತ್ತದೆ.

ನಾನು ಮಾಡುವುದು ಹೀಗೆ. ಡಬ್ಬಿಯ ಮೇಲೆ ಪೆಲೆಟ್ ತಲೆಯ ಅಳತೆ ಮಿ.ಮೀ. ಲೆಕ್ಕದಲ್ಲಿ ಇರುತ್ತದೆ: 4.49, 4.50, 4.51. ಜೊತೆಗೆ ಲಾಟ್ ನಂಬರ್, ಅಂದರೆ ಒಟ್ಟಿಗೆ ತಯಾರಾದ ಕಂತಿನ ಗುರುತು. ಒಂದೇ ಕಂಪನಿಯ, ಒಂದೇ ಅಳತೆಯ ಎರಡು ಲಾಟ್‌ಗಳು ಒಂದೇ ಬ್ಯಾರಲ್‌ನಲ್ಲಿ ಬೇರೆ ಬೇರೆ ರೀತಿ ಹಾರುತ್ತವೆ. ಅದಕ್ಕೇ ಬೇರೆ ಬೇರೆ ಲಾಟ್‌ನ ಒಂದೊಂದೇ ಡಬ್ಬಿ ತರಿಸಿ, ರೈಫಲನ್ನು ಮರಳಿನ ಚೀಲದ ಮೇಲೆ ಕೂರಿಸುತ್ತೇನೆ. ಬ್ಯಾರಲ್ ಒರೆಸಿದ ಮೇಲಿನ ಮೊದಲ ಕೆಲವು ಹೊಡೆತಗಳು ಲೆಕ್ಕಕ್ಕಿಲ್ಲ. ಆಮೇಲೆ ಒಂದು ಗುರಿಕಾರ್ಡಿಗೆ ಹತ್ತು ಹೊಡೆತ. ತೂತುಗಳ ಗುಂಪನ್ನು ಹೊರಅಂಚಿನಿಂದ ಹೊರಅಂಚಿಗೆ ಸೂಕ್ಷ್ಮ ಅಳತೆಯ ವರ್ನಿಯರ್‌ನಲ್ಲಿ ಅಳೆದು ಪೆಲೆಟ್ ದಪ್ಪ 4.5 ಕಳೆದರೆ ಹರವು ಸಿಕ್ಕಿತು. ಗುಂಪು ಕಾರ್ಡಿನ ಯಾವ ಮೂಲೆಯಲ್ಲಿ ಬಿದ್ದರೂ ಚಿಂತೆಯಿಲ್ಲ, ಪರೀಕ್ಷೆ ಮುಗಿಯುವವರೆಗೆ ಸೈಟ್ (ರೈಫಲ್ ಮೇಲೆ ಗುರಿ ನೋಡುವ ಸಾಧನ) ಮುಟ್ಟಬಾರದು. ಪೆಲೆಟನ್ನೂ ಸೈಟನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ದೇವರಿಗೂ ತಿಳಿಯದು.

ಒಬ್ಬ ಹುಡುಗ ಐದೇ ಹೊಡೆದು ಕಾರ್ಡ್ ತಂದು ತೋರಿಸಿದ. "ಸರ, ನಾಲ್ಕು ಒಂದ ತೂತಿಗೆ ಹೋಗ್ಯಾವ ನೋಡ್ರಿ. ಐದನೇದು ನಂದ ತಪ್ಪು, ಬಿಡ್ರಿ."

ಆ ಐದನೆಯದನ್ನೇ ನಾನು ಬಿಡುವುದಿಲ್ಲ. ಅವನ ಡಬ್ಬಿಯಿಂದ ಒಂದು ಹಿಡಿ ಬಿಳಿ ಬಟ್ಟೆಯ ಮೇಲೆ ಸುರಿದು, ಒಂದೊಂದನ್ನೇ ದೀಪದ ಕೆಳಗೆ ತಿರುಗಿಸಿದೆವು. ಕೆಲವಕ್ಕೆ ಹಿಂಭಾಗದ ತೆಳು ಅಂಚು ಒಂದು ಕಡೆ ಚಪ್ಪಟೆಯಾಗಿತ್ತು. ಡಬ್ಬಿ ಕೈತಪ್ಪಿ ಬಿದ್ದಿದ್ದು ಅವನಿಗೆ ಆಗ ನೆನಪಾಯಿತು. ಈ ಅಂಚು ಗಾಳಿಯ ಒತ್ತಡಕ್ಕೆ ಅರಳಿ ಬ್ಯಾರಲ್‌ಗೆ ಒತ್ತಿಕೊಳ್ಳಬೇಕು, ಸೊಟ್ಟಗಿದ್ದರೆ ಗಾಳಿ ಪಕ್ಕದಿಂದ ಸೋರುತ್ತದೆ.

ನಮ್ಮೂರಿನ ಇನ್ನೊಂದು ಕಾಟ ಧೂಳು. ಅದಿರು ಲಾರಿಗಳು ಎಬ್ಬಿಸುವ ಕೆಂಪು ಪುಡಿ ಮುಚ್ಚಳ ತೆರೆದಿಟ್ಟ ಡಬ್ಬಿಗೆ ಇಳಿಯದೆ ಇರುವುದಿಲ್ಲ. ಪೆಲೆಟ್‌ಗೆ ಎಣ್ಣೆ ಸವರಿದರಂತೂ ಅಂಟಿಕೊಂಡೇ ಬಿಡುತ್ತದೆ. ಸ್ಪ್ರಿಂಗ್ ಬಲದಿಂದ ಗಾಳಿ ಒತ್ತುವ ರೈಫಲ್‌ನಲ್ಲಿ ಎಣ್ಣೆ ಒಳಗೇ ಹೊತ್ತಿ ಉರಿದು ವೇಗವೂ ಏರುಪೇರಾಗುತ್ತದೆ. ನಾನು ಎಣ್ಣೆ ಮುಟ್ಟಿಸುವುದೇ ಇಲ್ಲ.

ಪೆಲೆಟ್ ಸೀಸದ್ದು, ಸೀಸ ವಿಷ. ಹೊಡೆದು ಎದ್ದವರೇ ಒಗ್ಗರಣಿ-ಮಿರ್ಚಿ ತಟ್ಟೆಗೆ ಕೈ ಹಾಕಲು ನಾನು ಯಾರಿಗೂ ಬಿಡುವುದಿಲ್ಲ, ಮೊದಲು ಸೋಪು.

ತೂಕ ಹಾಕಿ ಬೇರ್ಪಡಿಸಬೇಕೇ ಎಂದು ಎಲ್ಲರೂ ಕೇಳುತ್ತಾರೆ. ಲಾಟ್ ಸರಿಯಿಲ್ಲದಿದ್ದರೆ ತಕ್ಕಡಿ ಏನೂ ಮಾಡಲಾರದು. ಸರಿಯಾದ ಲಾಟ್ ಸಿಕ್ಕರೆ ಶಕ್ತಿ ಇದ್ದಷ್ಟು ಡಬ್ಬಿ ಅದೇ ನಂಬರಿನವು ಕೊಂಡಿಡಿ. ಕೊನೆಯ ಎರಡು ಉಳಿದಾಗಲೇ ಹೊಸ ಲಾಟ್ ತರಿಸಿ, ಹಳೆಯದರ ಪಕ್ಕದಲ್ಲಿಟ್ಟು ಹೊಡೆದು ನೋಡಿ.