ಭಾಷಣದ ಹೂರಣವನ್ನು ಮೊದಲು ತೂಗಿ: ಕ್ಲಬ್ಬಿನ ಮೌಲ್ಯಮಾಪಕರಿಗೊಂದು ಕೈಪಿಡಿ
ಸಭೆಯ ಮುಂದೆ ಮಾತನಾಡುವುದನ್ನು ರೂಢಿಸಿಕೊಳ್ಳಲು ನೆರವಾಗುವ ಟೋಸ್ಟ್‌ಮಾಸ್ಟರ್ಸ್ ಸಂಸ್ಥೆಯ ಕ್ಲಬ್ಬುಗಳಲ್ಲಿ ಸಿದ್ಧಪಡಿಸಿಕೊಂಡು ಬಂದ ಭಾಷಣಕ್ಕೆ ಸಾಮಾನ್ಯವಾಗಿ 5ರಿಂದ 7 ನಿಮಿಷ ಸಿಗುತ್ತದೆ. ಅದನ್ನು ಕೇಳಿ ಅಭಿಪ್ರಾಯ ಹೇಳುವ ಮೌಲ್ಯಮಾಪಕರಿಗೆ ಸಿಗುವುದು 2ರಿಂದ 3 ನಿಮಿಷ ಮಾತ್ರ. ಈ ಅವಸರದಲ್ಲಿ ನಮ್ಮ ಗಮನ ಕೈಸನ್ನೆ, ಕಣ್ಣೋಟ, ಧ್ವನಿಯ ಏರಿಳಿತಗಳ ಕಡೆಗೆ ಜಾರಿಬಿಡುತ್ತದೆ, ಏಕೆಂದರೆ ಅವು ಕುಳಿತಲ್ಲಿಂದಲೇ ಕಾಣುತ್ತವೆ. ಹೂರಣವನ್ನಾದರೋ ಕಿವಿಗೊಟ್ಟು ಕೇಳಿ, ಮನಸ್ಸಿನಲ್ಲಿ ಬಿಡಿಸಿ ನೋಡಬೇಕು. ಈ ಸಂಸ್ಥೆಯ ಭಾಷಣ ಸ್ಪರ್ಧೆಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ತೀರ್ಪುಪಟ್ಟಿ 100 ಅಂಕಗಳಲ್ಲಿ 50ನ್ನು ವಿಷಯಕ್ಕೆ, 30ನ್ನು ಮಂಡನೆಗೆ, 20ನ್ನು ಭಾಷೆಗೆ ಮೀಸಲಿಟ್ಟಿತ್ತು. ನನ್ನ ದೃಷ್ಟಿಯಲ್ಲಿ ಈ ಹಂಚಿಕೆ ನ್ಯಾಯವಾದದ್ದು. ಕ್ಲಬ್ಬಿನ ವಾರದ ಸಭೆಯಲ್ಲೂ ಇದೇ ಪ್ರಮಾಣ ನೆನಪಿನಲ್ಲಿರಲಿ.

ಹಾಳೆಯ ನಡುವೆ ಒಂದು ಗೆರೆ ಎಳೆದು, ಎಡಭಾಗವನ್ನು ವಿಷಯಕ್ಕೂ ಬಲಭಾಗವನ್ನು ಮಂಡನೆಗೂ ಬಿಡಿ. ಮೊದಲ ಎರಡು ನಿಮಿಷ ಬಲಭಾಗದಲ್ಲಿ ಏನನ್ನೂ ಬರೆಯಬೇಡಿ. ನಡುವೆ ಒಂದು ನಿಮಿಷ ತಲೆ ತಗ್ಗಿಸಿ, ಭಾಷಣಕಾರರನ್ನು ನೋಡದೆ ಬರಿಯ ಮಾತನ್ನಷ್ಟೇ ಕೇಳಿ. ಭಾಷಣ ಮುಗಿದ ಕೂಡಲೇ, ಚಪ್ಪಾಳೆ ನಿಲ್ಲುವುದರೊಳಗೆ, ಅವರು ಹೇಳಲು ಬಂದದ್ದೇನೆಂಬುದನ್ನು ಎಡಭಾಗದ ಕೆಳಗೆ ಒಂದೇ ವಾಕ್ಯದಲ್ಲಿ ಬರೆಯಿರಿ. ವಾಕ್ಯ ಮೂಡದಿದ್ದರೆ, ಎಷ್ಟೇ ಸೊಗಸಾಗಿ ಮಾತನಾಡಿದ್ದರೂ ವಿಷಯದ ಅಂಕ ಇಳಿಯಲೇಬೇಕು.

ಈ ಕ್ರಮವನ್ನು ನಾನು ತಪ್ಪಿನಿಂದ ಕಲಿತೆ. ಒಮ್ಮೆ ಯುವಕರೊಬ್ಬರು ಮಳೆನೀರಿನ ಸಂಗ್ರಹದ ಬಗ್ಗೆ ಮಾತನಾಡಿದರು. ಸಭಾಕಂಪನದಿಂದ ಕೈಯಲ್ಲಿದ್ದ ಚೀಟಿ ಅದುರುತ್ತಿತ್ತು, ಧ್ವನಿ ಹಿಂದಿನ ಸಾಲಿಗೆ ತಲುಪುತ್ತಿರಲಿಲ್ಲ. ಆದರೆ 30×40 ಅಡಿ ಸೈಟಿನಷ್ಟು ವಿಸ್ತಾರದ ಚಾವಣಿಯ ಮೇಲೆ 10 ಮಿಲಿಮೀಟರ್ ಮಳೆ ಸುರಿದರೆ ಸುಮಾರು 1,100 ಲೀಟರ್ ನೀರು ಬೀಳುತ್ತದೆ ಎಂಬುದನ್ನು ಅವರು ಹಂತಹಂತವಾಗಿ ಲೆಕ್ಕ ಹಾಕಿ ತೋರಿಸಿದ್ದರು. ನಾನು ಅವರ ‘ಆಂ’ಗಳನ್ನು ಎಣಿಸಿ ಹೇಳಿದೆನೇ ಹೊರತು ಆ ಲೆಕ್ಕದ ಬಗ್ಗೆ ಒಂದು ಮಾತೂ ಆಡಲಿಲ್ಲ. ಅದು ಅವರಿಗೆ ಮಾಡಿದ ಅನ್ಯಾಯವೆಂದು ಇಂದಿಗೂ ನನಗೆ ಅನ್ನಿಸುತ್ತದೆ.

ಮಂಡನೆಯನ್ನು ಕಡೆಗಣಿಸಬೇಕೆಂದು ಇದರ ಅರ್ಥವಲ್ಲ. ಮಂಡನೆಯ ಪ್ರತಿಯೊಂದು ಟೀಕೆಯನ್ನೂ ವಿಷಯದ ಒಂದು ಜಾಗಕ್ಕೆ ಗಂಟು ಹಾಕಿ ಹೇಳಬೇಕು. ‘ನಿಧಾನವಾಗಿ ಮಾತನಾಡಿ’ ಎಂದರೆ ಕೇಳಿದವರಿಗೆ ಏನೂ ದಕ್ಕುವುದಿಲ್ಲ. ‘1,100 ಲೀಟರ್ ಎಂದ ಮೇಲೆ ಒಂದು ಕ್ಷಣ ನಿಂತಿದ್ದರೆ ಆ ಸಂಖ್ಯೆ ಸಭೆಯ ಮನಸ್ಸಿಗೆ ಇಳಿಯುತ್ತಿತ್ತು’ ಎಂದರೆ ಎಲ್ಲಿ, ಏಕೆ ನಿಲ್ಲಬೇಕೆಂಬುದು ತಿಳಿಯುತ್ತದೆ. ಹೀಗೆ ಯಾವ ಜಾಗಕ್ಕೂ ಅಂಟದ ಟೀಕೆಯನ್ನು ಬಿಟ್ಟುಬಿಡಿ.

ಕನ್ನಡ ಭಾಷಣಗಳನ್ನು ಅಳೆಯುವವರು ಇನ್ನೊಂದು ಎಚ್ಚರ ವಹಿಸಬೇಕು. ‘ಹಾಲು’ ಎನ್ನುವಲ್ಲಿ ‘ಆಲು’ ಎಂದವರ, ಮಹಾಪ್ರಾಣಗಳನ್ನು ಅಲ್ಪಪ್ರಾಣವಾಗಿ ಉಚ್ಚರಿಸಿದವರ ವಿಚಾರವೇ ತೆಳುವೆಂದು ಕೇಳುವವರ ಮನಸ್ಸು ತನಗರಿವಿಲ್ಲದೆಯೇ ತೀರ್ಮಾನಿಸಿಬಿಡುತ್ತದೆ. ಉಚ್ಚಾರಣೆಯ ಮಾತು ಭಾಷೆಯ 20 ಅಂಕಗಳೊಳಗೇ ಮುಗಿಯಬೇಕು; ಧಾರವಾಡದ, ಕುಂದಾಪುರದ ಅಥವಾ ಕೋಲಾರದ ಆಡುನುಡಿಯ ಸೊಗಡನ್ನು ಅಲ್ಲಿಯೂ ತಪ್ಪೆಂದು ಎಣಿಸಬಾರದು.

ಸಭೆ ಮುಗಿದ ಮೇಲೆ ಹಾಳೆಯನ್ನು ಭಾಷಣಕಾರರ ಕೈಗೆ ಕೊಟ್ಟು, ನೀವು ಬರೆದ ಆ ಒಂದು ವಾಕ್ಯ ಅವರು ಅಂದುಕೊಂಡಿದ್ದಕ್ಕೆ ಹೊಂದುತ್ತದೆಯೇ ಎಂದು ಕೇಳಿ. ಹೊಂದದಿದ್ದರೆ, ದಾರಿ ತಪ್ಪಿದ್ದು ಭಾಷಣದ ಯಾವ ಭಾಗದಲ್ಲಿ ಎಂದು ಇಬ್ಬರೂ ಕುಳಿತು ಹುಡುಕಿ.