ಕತ್ತಿನ ಗಡ್ಡೆ ಯಾವ ನರದ್ದು? ಪಕ್ಕದ ರಕ್ತನಾಳ ನೋಡಿ

ಕತ್ತಿನ ಬದಿಯಲ್ಲಿ ಗಂಟು ಕಂಡರೆ ನಮ್ಮಲ್ಲಿ ಮೊದಲ ಅನುಮಾನ ಕ್ಷಯದ ಮೇಲೆ. ಅದು ತಪ್ಪಲ್ಲ. ಹಿರಿಯರು ಗಂಡಮಾಲೆ ಎನ್ನುತ್ತಿದ್ದದ್ದು ಬಹುಮಟ್ಟಿಗೆ ಇದನ್ನೇ. ಆದರೆ ಜ್ವರವಿಲ್ಲದೆ, ತೂಕ ಇಳಿಯದೆ, ವರ್ಷಗಟ್ಟಲೆ ನಿಧಾನವಾಗಿ ದಪ್ಪವಾಗುತ್ತಿರುವ ಒಂಟಿ ಗಂಟು ನರದ ಹೊದಿಕೆಯಿಂದ ಹುಟ್ಟಿದ ಷ್ವಾನೋಮಾ ಕೂಡ ಆಗಿರಬಹುದು. ಇವುಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ.

ಕ್ಯಾನ್ಸರ್ ಅಲ್ಲವೆಂದು ಗೊತ್ತಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಗಡ್ಡೆ ಯಾವ ನರದ್ದು? ದನಿಪೆಟ್ಟಿಗೆ, ಗಂಟಲುಗಳನ್ನು ನಡೆಸುವ ವೇಗಸ್ ನರದ್ದಾದರೆ ಶಸ್ತ್ರಚಿಕಿತ್ಸೆಯ ನಂತರ ದನಿ ಒಡೆಯಬಹುದು, ನುಂಗುವುದು ಕಷ್ಟವಾಗಬಹುದು. ರೆಪ್ಪೆ, ಪಾಪೆಗಳಿಗೂ ಎಳೆ ಕಳಿಸುವ ಸಿಂಪಥೆಟಿಕ್ ನರಸರಣಿಯದ್ದಾದರೆ ದನಿಗೆ ತೊಂದರೆಯಿಲ್ಲ, ಆದರೆ ಆ ಕಡೆಯ ರೆಪ್ಪೆ ಜೋಲಬಹುದು, ಕಣ್ಣಿನ ಪಾಪೆ ಕಿರಿದಾಗಬಹುದು. ದನಿಯನ್ನೇ ನಂಬಿ ಬದುಕುವ ಶಿಕ್ಷಕರಿಗೆ, ಗಾಯಕರಿಗೆ, ಸಂತೆಯಲ್ಲಿ ಕೂಗಿ ಮಾರುವವರಿಗೆ ಇದು ಆಪರೇಷನ್‌ಗೆ ಒಪ್ಪುವ ಮೊದಲೇ ತಿಳಿಯಬೇಕಾದ ಸಂಗತಿ. ಇದನ್ನು ಸ್ಕ್ಯಾನ್‌ನಲ್ಲಿ ಪತ್ತೆ ಮಾಡುವುದು ಹೇಗೆ ಎಂಬುದನ್ನು ಹಂತ ಹಂತವಾಗಿ ನೋಡೋಣ.

ಮೊದಲು ಕೈ, ಆಮೇಲೆ ಯಂತ್ರ

ವೈದ್ಯರು ಗಂಟನ್ನು ಅಲುಗಾಡಿಸಿ ನೋಡುತ್ತಾರೆ. ಅಕ್ಕಪಕ್ಕ ಜರುಗುತ್ತದೆ, ಮೇಲೆ ಕೆಳಗೆ ಜರುಗುವುದಿಲ್ಲ ಎಂದರೆ ಅದು ರಕ್ತನಾಳಕ್ಕೋ ನರಕ್ಕೋ ಅಂಟಿಕೊಂಡಿರುವ ಸಾಧ್ಯತೆ ಇದೆ. ಒತ್ತಿದ ಕೂಡಲೇ ಕೆಮ್ಮು ಉಕ್ಕಿ ಬಂದರೆ ವೇಗಸ್ ನರದ ಕಡೆಗೆ ಬಲವಾದ ಸುಳಿವು. ಮನೆಯಲ್ಲಿ ನೀವೇ ಒತ್ತಿ ನೋಡಬೇಡಿ. ಅಲ್ಲಿ ಒತ್ತಡ ಬಿದ್ದರೆ ಕೆಲವರಿಗೆ ನಾಡಿ ಇಳಿದು ತಲೆ ಸುತ್ತುತ್ತದೆ.

ಸೂಜಿಗಿಂತ ಮೊದಲು ಅಲ್ಟ್ರಾಸೌಂಡ್

ಈ ಹಂತದಲ್ಲಿ ಆತುರ ಹೆಚ್ಚು. ಗಂಟು ಕಂಡ ದಿನವೇ ಎಫ್‌ಎನ್‌ಎಸಿ, ಅಂದರೆ ಜೀವಕೋಶ ತೆಗೆದು ಪರೀಕ್ಷಿಸುವ ಸಣ್ಣ ಸೂಜಿ, ಚುಚ್ಚಿಸಿಬಿಡುವುದುಂಟು. ಕತ್ತಿನ ಬದಿಯಲ್ಲಿರುವ ಒಂಟಿ ಗಂಟಿಗೆ ಮೊದಲು ರಕ್ತದ ಹರಿವು ತೋರಿಸುವ ಡಾಪ್ಲರ್ ಸಹಿತ ಅಲ್ಟ್ರಾಸೌಂಡ್ ಆಗಲಿ ಎಂದು ನಾನು ಒತ್ತಿ ಹೇಳುತ್ತೇನೆ. ಸಾಮಾನ್ಯ ದುಗ್ಧರಸ ಗ್ರಂಥಿಯಾದರೆ ನಡುವೆ ಬಿಳಿ ತಿರುಳು ಕಾಣುತ್ತದೆ. ಷ್ವಾನೋಮಾದಲ್ಲಿ ಅದು ಇರುವುದಿಲ್ಲ. ಅಂಚು ನುಣುಪಾಗಿರುತ್ತದೆ, ಅದೃಷ್ಟವಿದ್ದರೆ ಗಡ್ಡೆಯ ಎರಡೂ ತುದಿಯಲ್ಲಿ ಇಲಿಬಾಲದಂತೆ ನರ ಒಳಹೊಕ್ಕು ಹೊರಬರುವುದೇ ಕಾಣುತ್ತದೆ. ಇಂಥದ್ದಕ್ಕೆ ಸೂಜಿ ಚುಚ್ಚಿದರೆ ಸಿಡಿಲು ಹೊಡೆದಂಥ ನೋವು, ಅಷ್ಟಾದರೂ ಎಷ್ಟೋ ಸಲ ಉತ್ತರ ಸಿಗುವುದಿಲ್ಲ. ಡಾಪ್ಲರ್‌ನಲ್ಲಿ ಗಡ್ಡೆಯ ತುಂಬ ರಕ್ತ ಹರಿಯುತ್ತಿದ್ದರೆ ಅದು ಪ್ಯಾರಾಗ್ಯಾಂಗ್ಲಿಯೋಮಾ, ಅಂದರೆ ನರಗಳ ಪಕ್ಕದ ಪುಟ್ಟ ಕೋಶಗುಚ್ಛಗಳಲ್ಲಿ ಹುಟ್ಟುವ ರಕ್ತ ತುಂಬಿದ ಗಡ್ಡೆ ಇರಬಹುದು. ಅದಕ್ಕೆ ಚುಚ್ಚಿದರೆ ರಕ್ತಸ್ರಾವದ ಅಪಾಯ.

ಎಂಆರ್‌ಐಯಲ್ಲಿ ನೋಡಬೇಕಾದದ್ದು

ನೀರಿನಂಶವನ್ನು ಬೆಳ್ಳಗೆ ತೋರಿಸುವ ಟಿ2 ಎಂಬ ಬಗೆಯ ಎಂಆರ್‌ಐ ಚಿತ್ರದಲ್ಲಿ ಷ್ವಾನೋಮಾ ಬೆಳ್ಳಗೆ ಹೊಳೆಯುತ್ತದೆ, ದೊಡ್ಡದಾದರೆ ಒಳಗೆ ನೀರುಗುಳ್ಳೆಗಳೂ ಇರುತ್ತವೆ. ಆದರೆ ಯಾವ ನರದ ಷ್ವಾನೋಮಾ ಆದರೂ ಹೀಗೇ ಹೊಳೆಯುವುದು. ಹಾಗಾಗಿ ಗಡ್ಡೆಯನ್ನು ಬಿಟ್ಟು ಅದರ ನೆರೆಹೊರೆಯನ್ನು ನೋಡಬೇಕು.

ಕತ್ತಿನಲ್ಲಿ ತಲೆಗೆ ರಕ್ತ ಒಯ್ಯುವ ಕೆರೋಟಿಡ್ ಅಪಧಮನಿ ಮತ್ತು ಅದನ್ನು ಮರಳಿ ತರುವ ಜುಗುಲರ್ ಅಭಿಧಮನಿ ಒಂದೇ ಹೊದಿಕೆಯೊಳಗೆ ಜೋಡಿಯಾಗಿ ಸಾಗುತ್ತವೆ. ಅವೆರಡರ ಸಂದಿಯಲ್ಲಿ, ತುಸು ಹಿಂದಕ್ಕೆ, ವೇಗಸ್ ನರವಿದೆ. ಸಿಂಪಥೆಟಿಕ್ ಸರಣಿ ಇರುವುದು ಆ ಹೊದಿಕೆಯ ಹಿಂದೆ, ಬೆನ್ನುಮೂಳೆಯ ಮುಂದಿನ ಸ್ನಾಯುಗಳ ಮೇಲೆ. ಬಸ್ಸಿನ ಸೀಟಿನಲ್ಲಿ ಜೊತೆಗೆ ಕೂತ ಇಬ್ಬರ ನಡುವೆ ಮೂರನೆಯವರು ನುಸುಳಿದರೆ ಇಬ್ಬರೂ ಆಚೀಚೆ ಸರಿಯುತ್ತಾರೆ. ಹಿಂದಿನಿಂದ ಯಾರೋ ತಳ್ಳಿದರೆ ಇಬ್ಬರೂ ಒಟ್ಟಿಗೇ ಮುಂದಕ್ಕೆ ಬಾಗುತ್ತಾರೆ. ಇಲ್ಲೂ ಹಾಗೆಯೇ. ವೇಗಸ್ ಗಡ್ಡೆ ಅಪಧಮನಿ, ಅಭಿಧಮನಿಗಳನ್ನು ಅಗಲಿಸುತ್ತದೆ. ಸಿಂಪಥೆಟಿಕ್ ಗಡ್ಡೆ ಜೋಡಿಯನ್ನು ಬೇರೆ ಮಾಡದೆ ಎರಡನ್ನೂ ಮುಂದಕ್ಕೆ ದೂಡುತ್ತದೆ. ಜಪಾನಿನ ಫುರುಕಾವಾ ಮತ್ತು ಸಂಗಡಿಗರು 1996ರಲ್ಲಿ ಬರೆದ ಈ ಸರಳ ಲಕ್ಷಣವನ್ನು ಇಂದಿಗೂ ಎಕ್ಸ್‌ರೇ ವಿಭಾಗಗಳಲ್ಲಿ ಕಿರಿಯರಿಗೆ ಕಲಿಸುತ್ತೇವೆ. ಇದಕ್ಕೆ ಅಪವಾದಗಳಿವೆ, ಗಡ್ಡೆ ತುಂಬ ದೊಡ್ಡದಾದಾಗ ಲೆಕ್ಕ ತಪ್ಪುವುದುಂಟು. ಆದ್ದರಿಂದಲೇ ರೋಗಿಯ ದನಿ, ರೆಪ್ಪೆ, ಪಾಪೆಗಳನ್ನೂ ಚಿತ್ರದ ಜೊತೆಗಿಟ್ಟು ನೋಡಬೇಕು.

ಕವೆಗೋಲಿನ ನಡುವೆ ಕೂತರೆ

ಕೆರೋಟಿಡ್ ಅಪಧಮನಿ ಎರಡಾಗಿ ಒಡೆಯುವ ಜಾಗ ಕವೆಗೋಲಿನಂತಿದೆ. ಅದರ ಕವಲಿನಲ್ಲೇ ಕೂತು ಎರಡು ಕೊಂಬೆಗಳನ್ನೂ ಅಗಲಿಸಿರುವ ಗಡ್ಡೆ ಸಾಮಾನ್ಯವಾಗಿ ಕೆರೋಟಿಡ್ ಬಾಡಿ ಟ್ಯೂಮರ್, ಅಂದರೆ ಆಗಲೇ ಹೇಳಿದ ಪ್ಯಾರಾಗ್ಯಾಂಗ್ಲಿಯೋಮಾ. ಸಿಂಪಥೆಟಿಕ್ ಷ್ವಾನೋಮಾ ಕೂಡ ಅಪರೂಪಕ್ಕೆ ಇದೇ ವೇಷ ಹಾಕುತ್ತದೆ. ವ್ಯತ್ಯಾಸ ರಕ್ತದಲ್ಲಿದೆ. ರಕ್ತನಾಳಗಳನ್ನು ತೋರಿಸುವ ಸಿಟಿ ಆಂಜಿಯೋ ಸ್ಕ್ಯಾನ್‌ನಲ್ಲಿ ಕಾಂಟ್ರಾಸ್ಟ್ ಔಷಧ ಹರಿದ ಮೊದಲ ಕ್ಷಣಗಳಲ್ಲೇ ಕೆರೋಟಿಡ್ ಬಾಡಿ ಟ್ಯೂಮರ್ ಅಪಧಮನಿಯಂತೆ ಬೆಳಗುತ್ತದೆ, ಷ್ವಾನೋಮಾ ನಿಧಾನಕ್ಕೆ ತುಂಬಿಕೊಳ್ಳುತ್ತದೆ. ಪ್ಯಾರಾಗ್ಯಾಂಗ್ಲಿಯೋಮಾ ಎನಿಸಿದರೆ ಕತ್ತಿನ ಇನ್ನೊಂದು ಬದಿಯನ್ನೂ ನೋಡಬೇಕು, ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಾಗಿತ್ತೇ ಎಂದು ಕೇಳಬೇಕು. ಈ ಗಡ್ಡೆ ವಂಶದಲ್ಲಿ ಹರಿದು ಬರುವುದುಂಟು. ಕೆಲವು ರಕ್ತದೊತ್ತಡ ಏರಿಸುವ ಹಾರ್ಮೋನನ್ನೂ ಸ್ರವಿಸುವುದರಿಂದ ಶಸ್ತ್ರಚಿಕಿತ್ಸೆಗೆ ಮುನ್ನ ಅದರ ಜಾಡು ಹಿಡಿಯುವ ಮೆಟಾನೆಫ್ರಿನ್ ಪರೀಕ್ಷೆಯೂ ಬೇಕು.

ಕತ್ತಿನ ಬುಡದಲ್ಲಿ, ತೋಳಿಗೆ ಹೋಗುವ ನರಗಳಲ್ಲಿ ಹುಟ್ಟಿದ ಗಡ್ಡೆಯ ಕಥೆ ಬೇರೆ. ಅಲ್ಲಿ ಕೈ ಜೋಮು ಹಿಡಿಯುತ್ತದೆ. ಗಡ್ಡೆ ಬೆನ್ನುಮೂಳೆಯ ಕಿಂಡಿಯೊಳಗೆ ಡಮರುವಿನ ಆಕಾರದಲ್ಲಿ ನುಗ್ಗಿದೆಯೇ ಎಂದು ನೋಡಬೇಕು. ಹಾಗಿದ್ದರೆ ನರಶಸ್ತ್ರಚಿಕಿತ್ಸಕರೂ ಜೊತೆಗಿರಬೇಕಾಗುತ್ತದೆ. ಮೈಮೇಲೆ ಹಲವು ಕಂದು ಮಚ್ಚೆ, ಹಲವು ಗಂಟುಗಳಿದ್ದರೆ ವೈದ್ಯರಿಗೆ ತೋರಿಸಿ. ಅದು ನರಗಳಲ್ಲಿ ಹಲವೆಡೆ ಗಡ್ಡೆ ಹುಟ್ಟಿಸುವ ನ್ಯೂರೋಫೈಬ್ರೋಮಾಟೋಸಿಸ್ ಎಂಬ ಕಾಯಿಲೆ ಇರಬಹುದು.

ಸ್ಕ್ಯಾನ್‌ಗೆ ಹೋಗುವಾಗ

ಪೇಸ್‌ಮೇಕರ್ ಇದ್ದರೆ, ಮೂತ್ರಪಿಂಡದ ತೊಂದರೆ ಇದ್ದರೆ ಮುಂಚೆಯೇ ಹೇಳಿ. ವರದಿಯಲ್ಲಿ ಗಡ್ಡೆಯ ಅಳತೆ ಮಾತ್ರವಿದ್ದರೆ, ರಕ್ತನಾಳಗಳನ್ನು ಅದು ಯಾವ ಕಡೆಗೆ ದೂಡಿದೆ ಎಂದು ಸಂಕೋಚವಿಲ್ಲದೆ ಕೇಳಿ. ಫಿಲ್ಮ್ ಜೊತೆಗೆ ಸಿಡಿಯನ್ನೂ ಪಡೆದು ಜೋಪಾನವಾಗಿಡಿ. ಗಡ್ಡೆಯನ್ನು ತೆಗೆಯದೆ ಕಾದು ನೋಡೋಣ ಎಂದು ತೀರ್ಮಾನವಾದರೆ, ಮುಂದಿನ ಎಂಆರ್‌ಐಯನ್ನು ಇದರ ಪಕ್ಕದಲ್ಲಿಟ್ಟೇ ಅಳೆಯುತ್ತಾರೆ.