ಪೆಡಲ್ ಮೇಲಿನ ಕಾಲು

ನಮ್ಮಪ್ಪ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ಅರದಲ್ಲೇ ಒಡವೆ ಉಜ್ಜುತ್ತ ಜೀವಮಾನ ಕಳೆದವರು. ಶಿರಸಿಯ ನಮ್ಮ ಅಕ್ಕಸಾಲಿ ಅಂಗಡಿಗೆ ಹ್ಯಾಂಗಿಂಗ್ ಮೋಟರ್ ಬಂದದ್ದು ನನ್ನ ಕಾಲಕ್ಕೆ. ಅದರ ಹಿಂದೆಯೇ ಮೇಜು, ಕುರ್ಚಿಯೂ ಬಂದವು, ಏಕೆಂದರೆ ಈ ಯಂತ್ರ ಓಡುವುದು ಕಾಲಿನಿಂದ. ಮೋಟರ್ ತಲೆಯ ಮೇಲಿನ ಕೊಕ್ಕೆಯಲ್ಲಿ ತೂಗುತ್ತದೆ, ಅಲ್ಲಿಂದ ಹಾವಿನ ಹಾಗೆ ಬಳುಕುವ ಶಾಫ್ಟ್ ಇಳಿದು ಕೈಯಲ್ಲಿನ ಹ್ಯಾಂಡ್‌ಪೀಸಿಗೆ ಸೇರುತ್ತದೆ. ಪೆಡಲ್ ಪೂರ್ತಿ ತುಳಿದರೆ ನಿಮಿಷಕ್ಕೆ 18,000 ಸುತ್ತು.

ಕೈಯನ್ನು ನಾವು ಹೇಗೂ ನೋಡುತ್ತಲೇ ಇರುತ್ತೇವೆ. ಕಾಲನ್ನು ಯಾರು ನೋಡುತ್ತಾರೆ? ನನಗೆ ಪೆಟ್ಟು ಬಿದ್ದದ್ದೂ ಅಲ್ಲಿಂದಲೇ. ಓಲೆಗೆ ಕಲ್ಲು ಕೂರಿಸಲು ಬರ್, ಅಂದರೆ ಹ್ಯಾಂಡ್‌ಪೀಸಿನ ತುದಿಯ ಕೊರೆಯುವ ಮೊನೆ, ಬದಲಿಸುತ್ತಿದ್ದೆ. ಬರನ್ನು ಕಚ್ಚಿ ಹಿಡಿಯುವ ಚಕ್ಕಿನಲ್ಲಿ, ಅದನ್ನು ಬಿಗಿ ಮಾಡುವ ಕೀ ಇನ್ನೂ ಸಿಕ್ಕಿಸಿಯೇ ಇತ್ತು. ಗಿರಾಕಿಯೊಬ್ಬರು ಕರೆದರು, 'ಬಂದೆ' ಎನ್ನುತ್ತ ಕುರ್ಚಿಯಲ್ಲೇ ತಿರುಗಿದೆ. ಬಲಗಾಲು ಜಾರಿ ಪೆಡಲ್ ಮೇಲೆ ಕೂತಿತು. ಕೀ ಗಿರ್ರನೆ ಸುತ್ತಿ ಎಡ ಹೆಬ್ಬೆರಳ ಉಗುರನ್ನು ಸೀಳಿ, ಶೋಕೇಸಿನ ಗಾಜಿಗೆ ಬಡಿಯಿತು. ಎರಡು ಹೊಲಿಗೆ. ಗಾಜು ಬೇರೆ ಹಾಕಿಸಿದ್ದಾಯಿತು, ಉಗುರು ಮಾತ್ರ ಇಂದಿಗೂ ಓರೆಯಾಗಿಯೇ ಬೆಳೆಯುತ್ತದೆ.

ಅಂದಿನಿಂದ ನನ್ನ ಕ್ರಮ ಬೇರೆ. ಕೈ ಕೀಗೆ ಹೋಗುವ ಮೊದಲು ಪಾದ ಹಿಂದೆ ಬಂದು ಕುರ್ಚಿಯ ಅಡ್ಡಪಟ್ಟಿಯ ಮೇಲೆ ಕೂರಬೇಕು. ಹೆಚ್ಚು ಹೊತ್ತಿನ ಕೆಲಸವಾದರೆ ಸ್ವಿಚ್ಚನ್ನೇ ಆರಿಸುತ್ತೇನೆ. ಕೀಗೆ ಗೋಡೆಯಲ್ಲೊಂದು ಮೊಳೆ ಇದೆ. ಮೊಳೆಯಲ್ಲಿ ಕೀ ಕಾಣದಿದ್ದರೆ ಪೆಡಲ್ ತುಳಿಯುವ ಮಾತಿಲ್ಲ. ಕೆಲವರು ಅದನ್ನು ದಾರದಲ್ಲಿ ಹ್ಯಾಂಡ್‌ಪೀಸಿಗೇ ಕಟ್ಟಿಕೊಳ್ಳುತ್ತಾರೆ. ಆ ದಾರ ಸುತ್ತಿಕೊಂಡರೆ ಕೀಯೂ ಬರುತ್ತದೆ, ಬೆರಳೂ ಬರುತ್ತದೆ.

ಕಲಿಯಲು ಬಂದ ಸೋದರಳಿಯನಿಗೆ ಮೊದಲ ವಾರ ಬರೀ ಪೆಡಲ್ ಕೊಟ್ಟೆ. ಹ್ಯಾಂಡ್‌ಪೀಸ್ ಕೈಯಲ್ಲಿ ಖಾಲಿ, ನಿಧಾನಕ್ಕೆ ಏರಿಸು, ಇಳಿಸು. 'ಮಾಮ, ಹೊಲಿಗೆ ಮಷಿನ್ ಕಲಿಸ್ತಾ ಇದ್ದೀರಾ?' ಎಂದು ನಕ್ಕ. ಎರಡನೇ ವಾರ ಸರ ಪಾಲಿಶ್ ಮಾಡಲು ಸರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದ. ಕೈ ಹಿಡಿದು ನಿಲ್ಲಿಸಿದೆ. ಬಫ್, ಅಂದರೆ ಪಾಲಿಶ್ ಮಾಡುವ ಚಕ್ರ, ಒಂದು ಕೊಂಡಿಯನ್ನು ಹಿಡಿದರೆ ಸಾಕು, ಉಳಿದದ್ದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಸುತ್ತಿಕೊಳ್ಳುತ್ತದೆ, ಬೆರಳ ಸಮೇತ. ಸರವನ್ನು ಹಲಗೆಯ ಮೇಲೆ ಮೊಳೆಗೆ ಎಳೆದು ಕಟ್ಟಿ, ಸ್ವಲ್ಪ ಸ್ವಲ್ಪವಾಗಿ ಉಜ್ಜಬೇಕು. ಬಟ್ಟೆಯ ಕೈಗವಸೂ ಅಷ್ಟೇ ಅಪಾಯ, ನೂಲು ಸಿಕ್ಕಿಕೊಳ್ಳುತ್ತದೆ. ಬಿಸಿ ತಡೆಯಲು ಬೆರಳ ತುದಿಗೆ ಚರ್ಮದ ಟೊಪ್ಪಿ ಸಾಕು. ಮಣಿಕಟ್ಟಿನ ಕಾಶಿದಾರ, ಹೆಗಲ ಮೇಲಿನ ಟವೆಲ್ಲು ಪಕ್ಕಕ್ಕೆ. ಜನಿವಾರ ಅಂಗಿಯೊಳಗೆ, ಸೆಕೆಗೆ ಬರಿಮೈಯಲ್ಲಿ ಕೂರುವ ನಮ್ಮ ಹಳಬರಿಗೆ ಇದನ್ನು ಹೇಳಿ ಬೈಸಿಕೊಂಡಿದ್ದೇನೆ.

ಬಲಗೈಯಲ್ಲಿ ಹಿಡಿದು ತುದಿಯನ್ನು ಎಡಕ್ಕೆ ಮಾಡಿದಾಗ ಬರ್ ಒಡವೆಯ ಮೇಲೆ ಚಕ್ರದ ಹಾಗೆ ಉರುಳಿ ಓಡಲು ನೋಡುವುದು ನನ್ನಿಂದ ಆಚೆಗೆ, ಪುಡಿ ಹಾರುವುದು ನನ್ನ ಮುಖಕ್ಕೆ. ಹಾಗಾಗಿ ಕನ್ನಡಕ ಕಡ್ಡಾಯ. ತಂತಿ ಬ್ರಷ್ಷಿನಿಂದ ಕೂದಲೆಳೆಯಂಥ ಚೂರುಗಳು ಚಿಮ್ಮುತ್ತವೆ. ಕತ್ತರಿಸುವ ತೆಳು ಡಿಸ್ಕು ಸ್ವಲ್ಪ ಓರೆಯಾದರೂ ಮುರಿಯುತ್ತದೆ, ಅದಕ್ಕೇ ಅದು ಸುತ್ತುವ ನೇರದಲ್ಲಿ ಮುಖ ಇಡುವುದಿಲ್ಲ. ರಂಧ್ರ ಕೊರೆಯುವಾಗ ನಿಧಾನ, ತುದಿಗೆ ಒಂದಿಷ್ಟು ಜೇನುಮೇಣ. ಹಳೆಯ ಕೆಡಿಎಂ ಒಡವೆ ರಿಪೇರಿಗೆ ಬಂದರೆ ಮಾಸ್ಕ್ ಹಾಕುತ್ತೇನೆ, ಅದರ ಬೆಸುಗೆಯಲ್ಲಿ ಕ್ಯಾಡ್ಮಿಯಂ ಇರುತ್ತದೆ. ಅದರ ಹೊಗೆ, ಧೂಳು ಶ್ವಾಸಕೋಶಕ್ಕೂ ಮೂತ್ರಪಿಂಡಕ್ಕೂ ಕೆಟ್ಟದ್ದು.

ಇನ್ನು ಶಾಫ್ಟ್. ಹೊರಗಿನ ಕವಚದೊಳಗೆ ಸುತ್ತುವುದು ಉಕ್ಕಿನ ತಂತಿಗಳನ್ನು ಹೆಣೆದ ಒಂದು ಕಡ್ಡಿ. ಶಾಫ್ಟನ್ನು ಚೂಪಾಗಿ ಬಗ್ಗಿಸಿ ಹಿಡಿದರೆ ಅದು ಕವಚಕ್ಕೆ ಉಜ್ಜಿ ಕಾಯುತ್ತದೆ, ಸವೆಯುತ್ತದೆ, ಕೊನೆಗೆ ಮುರಿಯುತ್ತದೆ. ನಾನು ಕೊಕ್ಕೆಯನ್ನು ಮೇಲೆ ಕೆಳಗೆ ಮಾಡಿ ಮೂರು ಸಲ ಜಾಗ ಬದಲಿಸಿದೆ, ಕೈ ಎಲ್ಲಿಗೆ ಹೋದರೂ ಶಾಫ್ಟಿನ ಬಾಗು ತಟ್ಟೆಯ ಅಂಚಿನ ಬಾಗಿನಷ್ಟು ಅಗಲವಾಗಿಯೇ ಇರುವವರೆಗೆ. ಕೆಲಸದ ಮಧ್ಯೆ ಹ್ಯಾಂಡ್‌ಪೀಸ್ ಕೈಗೆ ಬಿಸಿ ಅನ್ನಿಸಿದರೆ, ಕೆಲಸ ನಿಲ್ಲಿಸಿ ಮೊದಲು ಈ ಬಾಗು ನೋಡುತ್ತೇನೆ.

ಸುಮಾರು 50 ಗಂಟೆ ಓಡಿದ ಮೇಲೆ ಒಳಗಿನ ಕಡ್ಡಿಯನ್ನು ಹೊರಗೆಳೆದು, ಕಪ್ಪಾದ ಗ್ರೀಸ್ ಒರೆಸಿ, ಹೊಸದನ್ನು ತೆಳ್ಳಗೆ ಸವರಬೇಕು. ಪ್ರೀತಿ ಹೆಚ್ಚಾಗಿ ದಪ್ಪ ಬಳಿದರೆ ಅದು ಹ್ಯಾಂಡ್‌ಪೀಸಿಗೆ ಇಳಿದು ಕಲ್ಲಿನ ಮೇಲೆಲ್ಲ ಜಿಡ್ಡು. ಅಮಾವಾಸ್ಯೆಗೆ ನಾವು ಬೆಂಕಿ ಹಚ್ಚುವುದಿಲ್ಲ, ಆ ದಿನ ಈ ಕೆಲಸ. ಮೊನ್ನೆಯ ಅಮಾವಾಸ್ಯೆಗೆ ಸೋದರಳಿಯನೇ ಮೋಟರ್ ಕೆಳಗಿಳಿಸಿದ. ಪ್ಲಗ್ ಕಿತ್ತು ಜೇಬಿಗೆ ಹಾಕಿಕೊಳ್ಳುವ ಹಾಗೆ ನಟಿಸಿ, ನನ್ನ ಕಡೆ ನೋಡಿ, ಪೆಡಲನ್ನು ಕಾಲಿನಿಂದ ಮೂಲೆಗೆ ತಳ್ಳಿ ಕೂತ.